ಕೆಂಪು ಟೋಪಿಯ ಸಾಕ್ಷಿ

ಸೋಮವಾರ ಬೆಳಿಗ್ಗೆ ವಠಾರದ ನೆಲಮಾಳಿಗೆಯ ಬಟ್ಟೆ ಒಗೆಯುವ ಕೋಣೆಯಲ್ಲಿ ಗುನ್ವೋರ್ ಹೊದಿಕೆ ಮಡಿಸುತ್ತಿದ್ದಳು. ಮೇಲ್ಮನೆಯ ಮಾಯ್ಲಿಸ್ ಬಂದವಳೇ ಒಗೆಯುವ ದಿನ ಕಾದಿರಿಸಲು ಮನೆಗೊಂದು ಬೀಗ ಸಿಕ್ಕಿಸುವ ಸರದಿಯ ಹಲಗೆಯಿಂದ ತನ್ನ ಪುಟ್ಟ ಬೀಗವನ್ನು ಕಿತ್ತು ಬೇರೆ ದಿನಕ್ಕೆ ಸಿಕ್ಕಿಸಿದಳು. ಸ್ವೀಡನ್ನಿನ ಆ ಊರಿನಲ್ಲಿ ಗಂಡನನ್ನು ಬದಲಿಸಿದವರಿದ್ದರು. ಒಗೆಯುವ ಸರದಿ ಬದಲಿಸಿದವರು ಅಪರೂಪ.

“ಆ ಹೆಲ್ಗೆಯ ಸರದಿ ಆದ್ಮೇಲೆ ನನ್ನದು ಬೇಡ ಮಾರಾಯ್ತಿ. ಅವನು ಮುಟ್ಟಿದ ಮಷೀನಿಗೆ ನನ್ನ ದಿಂಬಿನ ಕವರ್ ಹಾಕ್ಲಾ?”

“ಹೋದ ವಾರದವರೆಗೂ ಹಾಕ್ತಿದ್ಯಲ್ಲ.”

“ನಿನ್ನೆ ಟಿವಿ ನೋಡ್ಲಿಲ್ವಾ?”

ನೋಡಿದ್ದಳು, ಇಡೀ ಊರೇ ನೋಡಿತ್ತು. ಇಪ್ಪತ್ತೆರಡು ವರ್ಷದ ಹಿಂದೆ ಇಲ್ಲಿನ ಗ್ರಂಥಪಾಲಕಿಯ ಕೊಲೆಯಾದಾಗ ಪೊಲೀಸರು ಇದೇ ವಠಾರದ, ದೋಣಿ ರಿಪೇರಿಯ ಹೆಲ್ಗೆಯನ್ನು ಮೂರು ವಾರ ಹಿಡಿದಿಟ್ಟು, ಪುರಾವೆ ಸಾಲದೆ ಬಿಟ್ಟಿದ್ದರು. ನಿನ್ನೆಯ ಪತ್ತೇದಾರಿ ಧಾರಾವಾಹಿಯವರು ಅದೇ ಕಥೆ ತೆಗೆದುಕೊಂಡು, ಊರಿನ ಹೆಸರು ಬದಲಿಸಿ, ದೋಣಿಗಳನ್ನು ಹಾಗೇ ಉಳಿಸಿಕೊಂಡು, ಐವತ್ತೆಂಟು ನಿಮಿಷದಲ್ಲಿ ಅವನಿಗೆ ಬೇಡಿ ತೊಡಿಸಿದ್ದರು.

“ಅದ್ರಲ್ಲಿ ಬರೋ ಸಾಕ್ಷಿ ಹೆಂಗಸು ನೀನೇ ಅಲ್ವಾ?” ಅಂದಳು ಮಾಯ್ಲಿಸ್. “‘ಮುಖ ನೋಡ್ದೆ’ ಅಂತ ಎಷ್ಟು ಗಟ್ಟಿಯಾಗಿ ಹೇಳ್ತಾಳೆ!”

ಗುನ್ವೋರಳ ಕೈ ನಿಂತಿತು. ಅಂದು ಅಂಚೆ ಹಂಚುತ್ತ ಗ್ರಂಥಾಲಯದ ಹಿಂದೆ ಅವಳು ಕಂಡದ್ದು ಒಂದು ಬೆನ್ನು, ಒಂದು ಕೆಂಪು ಟೋಪಿ. ಆ ಚಳಿಗಾಲ ಸಹಕಾರಿ ಅಂಗಡಿ ಅಂಥ ಟೋಪಿಯನ್ನು ಅರ್ಧ ಊರಿಗೆ ಪುಕ್ಕಟೆ ಹಂಚಿತ್ತು. “ಹೆಲ್ಗೆ ಇರಬಹುದಾ?” ಎಂದು ಪೊಲೀಸರು ಕೇಳಿದಾಗ “ಇರಬಹುದು” ಅಂದಿದ್ದಳು. ಚರ್ಚಿನ ಕಾಫಿಕೂಟಗಳಲ್ಲಿ ಹೇಳಿ ಹೇಳಿ “ಇರಬಹುದು” ಎಂಬುದು “ಅವನೇ” ಆಗಿತ್ತು. ಬೆನ್ನಿಗೆ ಮುಖ ಬೆಳೆದಿತ್ತು.

“ನಾನು ಮುಖ ನೋಡೇ ಇಲ್ಲ, ಮಾಯ್ಲಿಸ್.”

“ಈಗ್ಯಾಕೆ ಅದೆಲ್ಲ? ಅವನೇನು ಜೈಲಲ್ಲಿದ್ದಾನಾ?”

“ಸ್ವಂತ ಮಗಳೇ ತನ್ನ ಮದುವೆಗೂ ಕರೀಲಿಲ್ಲ ಅವನನ್ನ.”

“ಸತ್ತವಳಿಗೂ ಮಗಳಿದ್ಲು. ಕೊಂದೋನು ಇವನೇ ಅನ್ನೋಕೆ ಆ ಹುಡುಗಿಗೆ ಯಾರೋ ಒಬ್ಬ ಸಿಗೋದು ಬೇಡ್ವಾ?”

“ಯಾರೋ ಒಬ್ಬ ಅಲ್ಲ. ಮಾಡಿದವನು ಸಿಗ್ಬೇಕು.”

ಮಾಯ್ಲಿಸ್ ಬಾಗಿಲು ಎಳೆದುಕೊಂಡು ಹೋದಳು.

ಆ ಕೋಣೆಯ ಗೋಡೆಗೆ ಚೀಟಿ ಅಂಟಿಸುವುದು ವಠಾರದ ರೂಢಿ: ‘ಮಷೀನಿನ ಜಾಲರಿ ತೊಳೆಯದವರು ಹಂದಿಗಳು’ ಎಂಬಂಥವು. ಹೆಸರು ಹಾಕುವ ರೂಢಿ ಮಾತ್ರ ಇರಲಿಲ್ಲ. ಗುನ್ವೋರ್ ಬರೆದು ಅಂಟಿಸಿದಳು: ‘ಅಂದು ನಾನು ಹೆಲ್ಗೆಯನ್ನು ನೋಡಲಿಲ್ಲ. ಒಂದು ಟೋಪಿ ನೋಡಿದೆ.’ ಕೆಳಗೆ ತನ್ನ ಪೂರ್ತಿ ಹೆಸರು, ಮನೆಯ ಸಂಖ್ಯೆ.

ತನ್ನ ಸರದಿಗೆ ಬಟ್ಟೆಬುಟ್ಟಿ ಹೊತ್ತು ಬಂದ ಹೆಲ್ಗೆ ಅದನ್ನು ಓದಿದ. ಮತ್ತೊಮ್ಮೆ ಓದಿದ. ಆಮೇಲೆ ಗೋಡೆಯಿಂದ ಮೆಲ್ಲಗೆ ಬಿಡಿಸಿ ಅವಳತ್ತ ಚಾಚಿದ.

“ಇಲ್ಲಿ ಓದೋರು ಹನ್ನೆರಡು ಮನೆಯವರು. ಠಾಣೆಯಲ್ಲಿ ಬರೆದುಕೊಡ್ತೀಯಾ?”

“ಕೊಡ್ತೀನಿ. ಹೆಲ್ಗೆ, ನನ್ನ ಕ್ಷಮಿ...”

“ಅದು ಆಮೇಲೆ. ಆಗುತ್ತೋ ಇಲ್ವೋ ಗೊತ್ತಿಲ್ಲ. ಬಸ್ಸು ಹತ್ತೂವರೆಗೆ.”

ಗುನ್ವೋರ್ ಅರ್ಧ ಮಡಿಸಿದ ಹೊದಿಕೆಯನ್ನು ಅಲ್ಲೇ ಬಿಟ್ಟು ಕೋಟು ತರಲು ಹೋದಳು. ಬಸ್‌ ನಿಲ್ದಾಣದಲ್ಲಿ ಊರಿನವರು ಆರೇಳು ಮಂದಿ ಇದ್ದರು. ಹೆಲ್ಗೆ ರೂಢಿಯಂತೆ ಎಲ್ಲರಿಂದ ದೂರ, ಕಂಬದ ಆಚೆ ನಿಂತ. ಅವಳು ಅವರೆಲ್ಲರನ್ನು ದಾಟಿ ಹೋಗಿ ಅವನ ಪಕ್ಕದಲ್ಲಿ ನಿಂತಳು.