ತುಂಟ ಎಂಬ ಗುರುತು

ಕನ್ನಡಿಯ ಮುಂದೆ ಎಡಗಡೆಯ ಜಡೆ ಮುಗಿದು, ಬಲಗಡೆಯದಕ್ಕೆ ಕೂದಲನ್ನು ಮೂರು ಪಾಲು ಮಾಡಿಕೊಳ್ಳುತ್ತಿದ್ದಾಗ ಫೋನು ಬಡಿದುಕೊಂಡಿತು. ತಾಯಿ ಬಾಚಣಿಗೆಯನ್ನು ಮಗಳ ಕೈಗೆ ಕೊಟ್ಟು, ಕೂದಲನ್ನು ಬಿಡದೆಯೇ ಫೋನನ್ನು ಸ್ಪೀಕರಿಗೆ ಹಾಕಿದಳು.

"ಎದ್ದಿದ್ದೀಯೇನೇ? ನಿನ್ನ ತುಂಟ ಮತ್ತೆ ಬಿದ್ದಿದಾನೆ," ಎಂದಳು ಆಫೀಸಿನ ಗೆಳತಿ.

ಅವರ ತಂಡ ಆಸ್ಪತ್ರೆಗಳಿಗೆ ಸಾಫ್ಟ್‌ವೇರ್ ಮಾಡುತ್ತಿತ್ತು. ಹೊಸದೇನಾದರೂ ಸೇರಿಸಿದಾಗಲೆಲ್ಲ ಅದು ಸರಿಯಿದೆಯೇ ಎಂದು ನೋಡುವ ನೂರಾರು ಟೆಸ್ಟುಗಳು ತಾವಾಗಿಯೇ ಓಡುತ್ತವೆ. ಸರಿಯಿದ್ದರೆ ಹಸಿರು, ತಪ್ಪಿದ್ದರೆ ಕೆಂಪು, ಅಂದರೆ ಟೆಸ್ಟು ಬಿತ್ತು. ಕೆಲವು ಮಾತ್ರ ಯಾರೂ ಏನೂ ಮುಟ್ಟದಿದ್ದರೂ ಒಮ್ಮೆ ಕೆಂಪು, ಒಮ್ಮೆ ಹಸಿರು. ಅಂಥವನ್ನು ತಂಡದವರು ತುಂಟ ಎನ್ನುತ್ತಿದ್ದರು. ಹಾಗೆಂದು ಗುರುತು ಹಾಕಿಬಿಟ್ಟರೆ, ಆಮೇಲೆ ಅದು ಎಷ್ಟೇ ಕೆಂಪಾದರೂ ಕೆಲಸ ನಿಲ್ಲುವುದಿಲ್ಲ. ಅವುಗಳ ಬೆನ್ನು ಹತ್ತಿ ಕಾರಣ ಹುಡುಕುವುದು ತಾಯಿಯ ಕೆಲಸ.

"ಯಾವುದು? ಒಂದೇ ಹೊತ್ತಿಗೆ ಇಬ್ಬರು ರೋಗಿಗಳಿಗೆ ಟೈಮ್ ಕೊಡದ ಹಾಗೆ ನೋಡ್ಕೊಳ್ಳೋದಾ?"

"ಅದೇ. ಮತ್ತೆ ಓಡಿಸ್ದೆ, ಹಸಿರು. ಡಾಕ್ಟರ್ ಬಾಗಿಲು ಕಂಡ ಕೂಡ್ಲೇ ಜ್ವರ ಇಳಿಯುತ್ತಲ್ಲ, ಹಂಗೆ."

ಮಗಳ ತಲೆ ಸ್ವಲ್ಪ ಫೋನಿನ ಕಡೆ ತಿರುಗಿತು. ತಾಯಿ ಅದನ್ನು ಮೆಲ್ಲನೆ ನೇರ ಮಾಡಿದಳು.

"ಒಂಟಿಯಾಗಿ ಓಡಿಸಿದ್ರೆ ಅದು ಯಾವತ್ತೂ ಬೀಳಲ್ಲ ಕಣೇ. ಪಕ್ಕದಲ್ಲಿ ಇನ್ಯಾವುದೋ ಓಡ್ತಿರುವಾಗ್ಲೇ ಬೀಳೋದು. ಯಾವುದು ಅಂತ ಸಿಗ್ತಿಲ್ಲ."

"ಹುಡುಕ್ತಾ ಕೂತ್ರೆ ಇವತ್ತು ಆಸ್ಪತ್ರೆಗೆ ಕಳಿಸಿದ ಹಾಗೇ! ಗುರುತು ಹಾಕ್ಬಿಡ್ಲಾ? ನೀನು ಹೂಂ ಅನ್ನಬೇಕು."

ಮಗಳು ಒಂದು ಕೈಯಿಂದ ಹೊಟ್ಟೆ ಒತ್ತಿಕೊಂಡಳು. ಎದ್ದಾಗಲೇ ಹೊಟ್ಟೆನೋವು ಎಂದಿದ್ದಳು. ಕೆಲವು ದಿನ ಬೆಳಿಗ್ಗೆ ಹಾಗೆ ಹೇಳುತ್ತಾಳೆ. ಡಾಕ್ಟರು ಒತ್ತಿ ನೋಡಿ ಏನೂ ಇಲ್ಲ ಎಂದಿದ್ದರು. ಅವರ ಮುಂದೆ ಮಲಗಿದಾಗ ನಿಜಕ್ಕೂ ನೋವಿರಲಿಲ್ಲ. ಇವತ್ತು ಅಪ್ಪ ಶೂ ಹಾಕಿಕೊಳ್ಳುತ್ತ, "ಶುರುವಾಯ್ತಪ್ಪಾ ನಾಟಕ ಕಂಪನಿ," ಎಂದು ಕೆನ್ನೆ ಹಿಂಡಿ ಹೋಗಿದ್ದ. ತಾಯಿ ನಗಲಿಲ್ಲ. ಬಿಸಿನೀರು ಕುಡಿಸಿ, ಯೂನಿಫಾರ್ಮ್ ತೊಡಿಸಿದ್ದಳು.

"ಏನೇ, ಇದ್ದೀಯಾ?" ಫೋನಿನಲ್ಲಿ ಗೆಳತಿ ಕೇಳಿದಳು.

"ಸರಿ, ಹಾಕು. ಆಮೇಲೆ ನೋಡ್ತೀನಿ."

"ನಿನ್ನ ಆಮೇಲೆಗೆ ಕಾಲು ಬಂದು ಯಾವತ್ತೋ ಓಡಿಹೋಗಿದೆ ಬಿಡು," ಗೆಳತಿ ನಕ್ಕಳು. ಕೀಲಿಮಣೆಯ ಟಕಟಕ ಕೇಳಿಸಿತು. "ಹಾಕ್ದೆ. ಎಲ್ಲಾ ಹಸಿರು. ನಿನ್ನ ಹೊಟ್ಟೆ ತಣ್ಣಗಿರ್ಲಿ ತಾಯಿ."

ಫೋನು ಆರಿತು. ತಾಯಿ ಬಾಚಣಿಗೆಗೆ ಕೈ ಚಾಚಿದಳು. ಮಗಳು ಕೊಡಲಿಲ್ಲ. ಹೆಬ್ಬೆರಳಿನಿಂದ ಅದರ ಹಲ್ಲುಗಳನ್ನು ಈ ತುದಿಯಿಂದ ಆ ತುದಿಗೆ ಮೀಟುತ್ತ ಕುಳಿತಿದ್ದಳು.

"ಕೊಡು ಪುಟ್ಟಿ, ಹೊತ್ತಾಯ್ತು."

ಕೆಳಗಡೆ ಸ್ಕೂಲ್ ವ್ಯಾನಿನ ಹಾರ್ನ್ ಕೇಳಿಸಿತು. ತಾಯಿಯ ಅಂಗೈ ಕೆಳಗಿದ್ದ ಆ ಪುಟ್ಟ ಭುಜ ಕಲ್ಲಿನ ಹಾಗೆ ಬಿಗಿಯಿತು. ಬೆರಳ ಸಂದಿನಲ್ಲಿದ್ದ ಮೂರು ಪಾಲು ಕೂದಲು ಸಡಿಲಿ ಒಂದಾಯಿತು.

ಹಾರ್ನ್ ಇನ್ನೊಮ್ಮೆ ಕೇಳಿಸಿತು. ಮಗಳು ತಿರುಗದೆ, ಕನ್ನಡಿಯಲ್ಲೇ ತಾಯಿಯ ಮುಖ ನೋಡಿದಳು.

"ಅಮ್ಮಾ, ನನ್ನ ಹೊಟ್ಟೆನೋವಿಗೂ ನೀವು ತುಂಟ ಅಂತ ಗುರುತು ಹಾಕ್ಬಿಟ್ಟಿದ್ದೀರಾ?"