ನಿನ್ನೆ ಓಡಿದ್ದು ಇಂದೂ ಓಡಬೇಕು

ನೇಕಾರರ ಊರು ಮಜಲಾಯದಿಂದ ಬು ಎಂತಿನ್, ಎಂದರೆ ಎಂತಿನಮ್ಮ, ಫೋನ್ ಮಾಡಿದಾಗ ನಾನು ಬಾಂಡುಂಗಿನ ನಮ್ಮ ಕಚೇರಿಯಲ್ಲಿ ಊಟದ ಪೊಟ್ಟಣ ಬಿಚ್ಚುತ್ತಿದ್ದೆ.

"ನೆಂಗ್, ನಿಮ್ಮ ಅಪ್‌ಡೇಟ್ ಹಾಕಿದ್ಮೇಲೆ ಮಗ್ಗ ಏಳ್ತಾನೇ ಇಲ್ಲ. ನಮ್ಮನೆಯವರು ಬರೆದಿದ್ದು ಹಾಳಾಗೋಯ್ತಾ?"

ನನ್ನನ್ನು ಮಗಳಂತೆ 'ನೆಂಗ್' ಎನ್ನುವ ಆಕೆಯ ಸರೋಂಗ್ ಲುಂಗಿಗಳ ಗಿರಣಿಯನ್ನು ನಡೆಸುವುದು ತೀರಿಹೋದ ಗಂಡ ಬರೆದಿಟ್ಟ ಒಂದು ಪ್ರೋಗ್ರಾಮ್. ಅದರ ಮೂಲ ಬರಹ ಉಳಿದಿಲ್ಲ, ತಿದ್ದುವಂತಿಲ್ಲ. ಅದು ಏಳದಿದ್ದರೆ ಗಿರಣಿಗೆ ಬೀಗ, ನೇಯುವ ಹೆಂಗಸರು ಮನೆಗೆ.

ಹುಡುಕಿದರೆ ತಪ್ಪು ಸಿಕ್ಕಿದ್ದು ಕಂಪ್ಯೂಟರಿನ ಎಲ್ಲ ಕೆಲಸಕ್ಕೂ ಬುಡವಾದ ತಂತ್ರಾಂಶ, ಕರ್ನಲ್‌ನಲ್ಲೇ. ಪ್ರೋಗ್ರಾಮನ್ನು ತುಂಡು ತುಂಡಾಗಿ ಮೆಮೊರಿಗೆ ತಂದಿಡುವುದು ಅದರ ಕೆಲಸ. ಎಷ್ಟು ಜಾಗ ಬೇಕೆಂದು ಅಳೆಯಲು ಅದು ಮೊದಲ ತುಂಡನ್ನೂ ಕೊನೆಯ ತುಂಡನ್ನೂ ಮಾತ್ರ ನೋಡುತ್ತಿತ್ತು. ಈ ಪ್ರೋಗ್ರಾಮಿನಲ್ಲಿ ತುಂಡುಗಳು ಹಿಂದುಮುಂದಾಗಿದ್ದವು. ಜಾಗ ಸಾಲದೆ ಅದು ಶುರುವಾಗುವ ಮೊದಲೇ ಸಾಯುತ್ತಿತ್ತು. ಎಲ್ಲ ತುಂಡುಗಳನ್ನೂ ನೋಡಿ ಅಳೆಯುವಂತೆ ನಾಲ್ಕು ಸಾಲು ಬದಲಿಸಿದೆ. ನನ್ನ ಮೇಜಿನ ಮೇಲೆ ಓಡಿತು.

ಕೆಡಿಸಿದ ಬದಲಾವಣೆ ನಮ್ಮ ಮುಖ್ಯಸ್ಥ, ನಾವೆಲ್ಲ ಕಾಂಗ್, ಅಂದರೆ ಅಣ್ಣ, ಎಂದು ಕರೆಯುವ ಯಾಯತ್‌ನದು. ಜಗತ್ತೇ ಬಳಸುವ ಕರ್ನಲ್‌ಗೆ ತನ್ನ ಕೆಲಸ ಸೇರಿತೆಂದು ಆತ ಕೊಚ್ಚಿಕೊಳ್ಳುತ್ತಿದ್ದುದೂ ಅದನ್ನೇ.

"ತುಂಡು ಸಾಲಾಗಿರ್ಬೇಕು ಅಂತ ನಿಯಮ. ಆ ಪ್ರೋಗ್ರಾಮೇ ಸೊಟ್ಟ," ಎಂದ. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ.

"ನಿನ್ನೆ ಓಡಿದ್ದು ಇವತ್ತೂ ಓಡ್ಬೇಕು ಅನ್ನೋದೂ ನಿಯಮಾನೇ ಕಾಂಗ್."

ಆತನಿಗೆ ಚುಚ್ಚಿದ್ದು ತಿದ್ದುಪಡಿಯಲ್ಲ, ಅದರ ಅಡಿಯಲ್ಲಿ ನಾನು ಬರೆದಿದ್ದ ಒಂದು ಸಾಲು. ಯಾರ ಯಾವ ಬದಲಾವಣೆಯಿಂದ ಕೆಟ್ಟಿತೆಂದು ಅಲ್ಲಿ ಬರೆಯುವುದು ಕರ್ನಲ್ ತಿದ್ದುವವರೆಲ್ಲರ ರೂಢಿ. ಅದನ್ನು ನೋಡಿಯೇ ಕರ್ನಲ್‌ನ ಹಳೆಯ ಆವೃತ್ತಿಗಳನ್ನು ಕಾಯುವವರು ತಿದ್ದುಪಡಿಯನ್ನು ಎತ್ತಿಕೊಳ್ಳುತ್ತಾರೆ. ಎಂತಿನ್ ಗಿರಣಿಯಲ್ಲಿರುವುದು ಹಳೆಯದು, ನಮ್ಮ ಅಪ್‌ಡೇಟ್‌ಗಳು ಹೋಗುವುದೂ ಅದಕ್ಕೇ. ಅಧಿಕೃತವಾಗಿ ಬಂದದ್ದನ್ನು ಬಿಟ್ಟು ಬೇರೇನನ್ನೂ ಆ ಯಂತ್ರಗಳು ಒಪ್ಪುವುದಿಲ್ಲ, ಅಪ್‌ಡೇಟ್‌ಗೆ ಮುಂಚಿನದಕ್ಕೆ ಮರಳಲೂ ಬಿಡುವುದಿಲ್ಲ. ಆ ಬೀಗ ಜಡಿದವನೂ ಯಾಯತ್‌ನೇ.

"ಆ ಸಾಲು ತೆಗಿ. ಇವತ್ತೇ ಕಳಿಸ್ತೀನಿ."

"ತೆಗೆದ್ರೆ ಬು ಎಂತಿನ್‌ಗೆ ತಲುಪಲ್ಲ."

"ಒಂದು ಗಿರಣಿಗೋಸ್ಕರ ನನ್ನ ಮಾನ ಹರಾಜಾಗ್ಬೇಕಾ?"

ಸಾಲು ಅಳಿಸಿ ತಾನೇ ಕಳಿಸಿದ. ಹೊಸ ಆವೃತ್ತಿಗೆ ಅದು ಸೇರಿತು. ಕಚೇರಿಗೆಲ್ಲ ಬಿಸಿಬಿಸಿ ಬಾಲಾ-ಬಾಲಾ ಬಜ್ಜಿ ತರಿಸಿ ಹಂಚಿದ. ನಾನು ಒಂದನ್ನೂ ಮುಟ್ಟಲಿಲ್ಲ. ವಾರ ಕಳೆದರೂ ಮಜಲಾಯಕ್ಕೆ ಏನೂ ತಲುಪಲಿಲ್ಲ.

ಕೊನೆಗೆ ಹಳೆಯ ಆವೃತ್ತಿ ಕಾಯುವವರಿಗೆ ನಾನೇ ಬರೆದೆ, ಎಲ್ಲರಿಗೂ ಕಾಣುವಂತೆ, ಅಳಿಸಿದ ಆ ಸಾಲನ್ನೂ ಸೇರಿಸಿ. ಮರುದಿನ ಉತ್ತರ ಬಂದದ್ದು ನನಗಲ್ಲ, ಯಾಯತ್‌ಗೆ: 'ಇದು ನಿಮ್ಮ ಬದಲಾವಣೆ. ತಿದ್ದುಪಡಿಗೆ ನಿಮ್ಮ ಒಪ್ಪಿಗೆಯಿದೆಯೇ?'

"ಯಾರನ್ನ ಕೇಳಿ ಕಳಿಸ್ದೆ?" ಎಂದು ನನ್ನ ಮೇಲೆ ಹರಿಹಾಯ್ದ. ಉತ್ತರ ಮಾತ್ರ ಬರೆಯಲಿಲ್ಲ. ಮಧ್ಯಾಹ್ನವಾಯಿತು. ನನ್ನ ಫೋನ್ ಹೊಡೆದುಕೊಂಡಿತು.

"ನೆಂಗ್, ನೇಯೋರಲ್ಲಿ ಇಬ್ರು ಬೇರೆ ಕಡೆ ಕೆಲಸ ಹಿಡಿದ್ರು. ಉಳಿದೋರಿಗೆ ಏನ್ ಹೇಳ್ಲಿ?"

ಫೋನನ್ನು ಯಾಯತ್ ಕೈಗೆ ತುರುಕಿದೆ. "ನೀವೇ ಹೇಳಿ ಕಾಂಗ್."

ಆತ ಕೇಳಿಸಿಕೊಂಡ. "ಒಂದ್ನಿಮಿಷ ಬು," ಎಂದು ಫೋನನ್ನು ಕಿವಿಗೆ ಒತ್ತಿಕೊಂಡೇ ಇನ್ನೊಂದು ಕೈಯಲ್ಲಿ 'ಒಪ್ಪಿಗೆಯಿದೆ' ಎಂದು ಹೊಡೆದು ಕಳಿಸಿದ. ಇಷ್ಟು ದಿನ ಆಗದ ಕೆಲಸ ಅಷ್ಟರಲ್ಲಿ ಮುಗಿದಿತ್ತು. "ಇನ್ನು ಸರಿಹೋಗುತ್ತೆ ಬಿಡಿ."

ಅತ್ತ ಕಡೆಯಿಂದ ಎಂತಿನ್ ದನಿ ನನಗೂ ಕೇಳಿಸುತ್ತಿತ್ತು. ದೊಡ್ಡ ಉಪಕಾರವಾಯಿತು, ನಿಮ್ಮ ಮಕ್ಕಳುಮರಿ ಚೆನ್ನಾಗಿರಲಿ ಎಂದು ಆಕೆ ಹರಸುತ್ತಿದ್ದರು.

"ಇರ್ಲಿ ಬು, ನಮ್ಮ ಕೆಲಸ ತಾನೇ," ಎಂದ ಯಾಯತ್.

ನಾನು ಫೋನ್ ಕಿತ್ತುಕೊಂಡೆ.