ಹೆಂಗಸರ ನಡುವಿನ ಅಳು

ಆ ದನಿ ತನ್ನದೇ ಎಂದು ಶಾಂತಿಬಾಯಿಗೆ ಮೊದಲು ಗೊತ್ತಾಗಲಿಲ್ಲ. ಟ್ರ್ಯಾಕ್ಟರಿಗೆ ಕಟ್ಟಿದ ಧ್ವನಿವರ್ಧಕದಲ್ಲಿ ಯಾವಳೋ ಹೆಂಗಸು ರಾಗವಾಗಿ ಗೋಳಾಡುತ್ತಿದ್ದಳು. ಅದರ ಹಿಂದೆ ಬಾಡಿಗೆಯ ಲಂಬಾಣಿ ಉಡುಪು ತೊಟ್ಟ ಕಾಲೇಜಿನ ಹುಡುಗಿಯರು ಸೊಂಟ ಬಳುಕಿಸಿ ಕುಣಿಯುತ್ತಿದ್ದರು. ಪಕ್ಕದಲ್ಲಿ ನಡೆಯುತ್ತಿದ್ದ ಸರಿತಾ ಗಕ್ಕನೆ ನಿಂತು ಅವಳ ಮೊಳಕೈ ಹಿಡಿದಳು. ಸರಿತಾ ಸತ್ತ ಮಗಳ ಗೆಳತಿ. ಆ ಹಿಡಿತದಲ್ಲೇ ಶಾಂತಿಬಾಯಿಗೆ ತಿಳಿಯಿತು. ಮೂರು ವರ್ಷದ ಹಿಂದೆ ಮಗಳು ಸಪ್ನಾಳ ಹೆಣ ತಬ್ಬಿಕೊಂಡು ತಾನು ಅತ್ತ ಅಳು ಅದು.

ಕಾರವಾರದ ಕಡಲ ದಂಡೆಯಲ್ಲಿ ಅಂದು ಕರಾವಳಿ ನಡಿಗೆ. ಜಿಲ್ಲೆಯ ಕಲೆ, ಸಂಸ್ಕೃತಿ, ಮೂಲ ಜನರ ಹಿರಿಮೆ ಎಂದು ಬರೆದ ಬ್ಯಾನರು ಹಿಡಿದು ಹಾಲಕ್ಕಿ ಹೆಂಗಸರು ಮುಂದೆ, ಡಮಾಮಿ ಬಾರಿಸುವ ಸಿದ್ದಿಗಳು ಅವರ ಹಿಂದೆ, ಎಲ್ಲರಿಗಿಂತ ಕೊನೆಗೆ ಮುಂಡಗೋಡದ ಲಂಬಾಣಿ ತಾಂಡಾದವರು. ಇವರನ್ನು ಟೆಂಪೋದಲ್ಲಿ ತುಂಬಿಕೊಂಡು ಬಂದವರು ಶಿವಲಿಂಗಪ್ಪ ಮಾಸ್ತರು. ಹಳಿಯಾಳದವರು, ಹಾಡು ಸಂಗ್ರಹಿಸುತ್ತ ತಾಂಡಾ ತಾಂಡಾ ತಿರುಗಿದವರು, ಶಾಂತಿಬಾಯಿಯ ಕೈಯ ರೊಟ್ಟಿ ತಿಂದವರು. ಸಪ್ನಾ ಸತ್ತ ದಿನವೂ ಬಂದಿದ್ದರು. ಗೋಡೆಗೆ ಒರಗಿ, ಮಡಿಲಲ್ಲಿ ಶಾಲು ಇಟ್ಟುಕೊಂಡು, ತಲೆ ತಗ್ಗಿಸಿ ಕೂತಿದ್ದರು. ಎಂಥ ಮನುಷ್ಯ, ಪರರ ದುಃಖಕ್ಕೆ ಹೀಗೆ ಕರಗುತ್ತಾನಲ್ಲ ಎಂದು ಆ ಸಂಕಟದಲ್ಲೂ ಅವಳಿಗೆ ಅನ್ನಿಸಿತ್ತು. ಶಾಲಿನೊಳಗೆ ಟೇಪ್ ರೆಕಾರ್ಡರ್ ತಿರುಗುತ್ತಿತ್ತೆಂದು ಯಾರಿಗೆ ಗೊತ್ತು.

ಸತ್ತವರ ಮುಂದೆ ಅಳುವುದಕ್ಕೂ ತಾಂಡಾದಲ್ಲಿ ಒಂದು ಧಾಟಿಯಿದೆ. ಹೆಂಗಸರು ಮುಸುಕೆಳೆದು, ಒಬ್ಬರನ್ನೊಬ್ಬರು ತಬ್ಬಿ, ಹಾಡಿದಂತೆ ಅಳುತ್ತಾರೆ. ಹೊಟ್ಟೆಯೊಳಗಿನದನ್ನೆಲ್ಲ ಅಲ್ಲಿ ಹೇಳಿಬಿಡಬಹುದು. ಗಂಡಸರು ಆಗ ಕಟ್ಟಿಗೆ ಹೊಂದಿಸಲು ಹೋಗಿರುತ್ತಾರೆ; ಮಾಸ್ತರರನ್ನು ಮಾತ್ರ, ಹೊರಗಿನವರೆಂದು, ಅಂದು ಯಾರೂ ಏಳೆನ್ನಲಿಲ್ಲ. ಅಲ್ಲಿ ಅಂದದ್ದನ್ನು ಯಾವ ಹೆಂಗಸೂ ಆಮೇಲೆ ಎಲ್ಲೂ ಆಡುವುದಿಲ್ಲ. ಆಡಿದವಳ ಬಾಯಲ್ಲಿ ಹುಳ ಬೀಳುತ್ತದೆ ಎನ್ನುತ್ತಾರೆ.

ಶಾಂತಿಬಾಯಿ ಸರಸರನೆ ಮುಂದೆ ಹೋಗಿ, ಟ್ರ್ಯಾಕ್ಟರಿನ ಬದಿಗೆ ನಡೆಯುತ್ತಿದ್ದ ಮಾಸ್ತರರನ್ನು ತಡೆದಳು.

"ಬಂದ್ ಮಾಡ್ರಿ ಅದನ್ನ."

"ಯಾಕವ್ವಾ? ಹುಡಿಗ್ಯಾರು ತಿಂಗಳಿಂದ ಇದಕ್ಕ ಕುಣಿಯೂದು ಕಲತಾರ."

"ಅದು ಹಾಡಲ್ರಿ. ನನ್ನ ಮಗಳ ಹೆಣದ ಮುಂದ ಅತ್ತದ್ದು. ನೀವು ಅಲ್ಲೇ ಕುಂತಿದ್ರಿ."

ಮಾಸ್ತರರ ಮುಖ ಸಪ್ಪಗಾಯಿತು. ಅತ್ತಿತ್ತ ನೋಡಿ ದನಿ ತಗ್ಗಿಸಿದರು. "ಗೊತ್ತೈತಿ ನನಗ. ಅಷ್ಟು ಚಂದ ದನಿ ಮಣ್ಣಾಗ ಹೋಗಬಾರ್ದು ಅಂತ ಹಿಡಿದಿಟ್ಟೆ. ಇಲ್ಲಿ ಮಂದಿಗೆ ನಿಮ್ಮ ಲಂಬಾಣಿ ಮಾತು ಒಂದಕ್ಷರನೂ ತಿಳಿಯೂದಿಲ್ಲ. ಸುಮ್ನ ನಡಿ, ಸಾಹೇಬ್ರು ನೋಡಾಕತ್ತಾರ."

"ತಿಳಿಯೋರು ನಮ್ಮ ಸಾಲಿನ್ಯಾಗ ಅದಾರ್ರಿ."

ಅವಳ ಮೈಯೆಲ್ಲ ಉರಿಯಿತು. ಚಂದವಂತೆ. ಹೆಣದ ಮೇಲಿನ ಹೂವು ತೆಗೆದು ಮುಡಿಗೇರಿಸಿ ಚಂದ ಎನ್ನುವವರಿಗೆ ಏನು ಹೇಳುವುದು. ಸಿಟ್ಟಿನ ಜೊತೆಗೆ ಅವಳಿಗೆ ಭಯವೂ ಇತ್ತು. ಅಳು ಮುಂದೆ ಎಲ್ಲಿಗೆ ಹೋಗುತ್ತದೆಂದು ಅವಳಿಗೆ ಗೊತ್ತಿತ್ತು. ಸಪ್ನಾ ಬಾವಿಗೆ ಜಾರಿ ಬಿದ್ದಳು ಎಂದು ಅಳಿಯ ಹೇಳಿದ್ದ, ಪಂಚರು ಹೌದೆಂದಿದ್ದರು, ಶಾಂತಿಬಾಯಿಯೂ ಬಾಯಿಗೆ ಬೀಗ ಹಾಕಿಕೊಂಡಿದ್ದಳು. ಆ ಅಳುವಿನಲ್ಲಿ ಮಾತ್ರ ನಿಜ ಹೇಳಿದ್ದಳು.

ಅಷ್ಟರಲ್ಲಿ ಹಿಂದೆ ಹಲಗೆಯ ಸದ್ದು ಜೋರಾಯಿತು. ಬಡಿಯುತ್ತಿದ್ದವನು ಅಳಿಯ ವಿಠ್ಠಲ. ತಲೆಗೆ ಹೊಸ ಪೇಟ, ಕೊರಳಲ್ಲಿ ಹಲಗೆ, ವರ್ಷ ತುಂಬುವ ಮೊದಲೇ ತಂದುಕೊಂಡ ಎರಡನೆಯ ಹೆಂಡತಿ ಪಕ್ಕದಲ್ಲಿ. ಸಂತೆಯಂಥ ಗದ್ದಲದಲ್ಲಿ ಅವನು ಮಾತಿಗೆ ಕಿವಿಗೊಟ್ಟಿರಲಿಲ್ಲ. ಬರೀ ರಾಗಕ್ಕೆ ಕೈ ಕೂಡಿಸಿದ್ದ. ಕಟ್ಟಿಕೊಂಡವಳ ಸಾವಿನ ಅಳುವಿಗೆ ನಗುನಗುತ್ತ ತಾಳ ಹಾಕುತ್ತಿದ್ದ.

"ಆತು ಬಿಡು, ನಿನಗ ಬ್ಯಾಡಾದ್ರ ನಮಗ್ಯಾಕ" ಎಂದು ಮಾಸ್ತರರು ಟೇಪಿನ ಕಡೆ ಕೈ ಚಾಚಿದರು. ಶಾಂತಿಬಾಯಿ ಆ ಕೈ ಹಿಡಿದು ಕೆಳಗಿಳಿಸಿದಳು.

"ಬ್ಯಾಡ್ರಿ. ಇರ್ಲಿ."

"ಈಗರೆ ಬಂದ್ ಮಾಡು ಅಂದಿ."

"ಅಂದ್ನಿ. ಈಗ ದನಿ ಏರಸ್ರಿ."

ಮಾಸ್ತರರು ಅವಳ ಮುಖ ನೋಡಿ ಗುಂಡಿ ತಿರುಗಿಸಿದರು. ಹಲಗೆಯನ್ನೂ ಕಡಲಿನ ಮೊರೆತವನ್ನೂ ಮೀರಿ ಅಳು ಎದ್ದಿತು. ಬೆನ್ನ ಮೇಲಿನ ಬಾಸುಂಡೆ ತೋರಿಸಿದೆಯಲ್ಲ ಮಗಳೇ, ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ ಎಂದು ಸೆರಗು ಹೊದಿಸಿ ಕಳಿಸಿದೆನಲ್ಲ. ವಿಠ್ಠಲ ನಿನ್ನನ್ನು ಬಾವಿಯ ತನಕ ಬಡಿದುಕೊಂಡು ಹೋದ, ಆ ಕೈಗೆ ನಿನ್ನನ್ನು ಮತ್ತೆ ಕೊಟ್ಟವಳು ನಾನು.

ಹಲಗೆ ನಿಂತಿತು. ತಾಂಡಾದ ಗಂಡಸರು ನಡೆಯುವುದನ್ನು ಬಿಟ್ಟು ಮೊದಲು ಧ್ವನಿವರ್ಧಕದ ಕಡೆ ನೋಡಿದರು, ಆಮೇಲೆ ವಿಠ್ಠಲನ ಕಡೆ. ಕೆಲವರು ಶಾಂತಿಬಾಯಿಯನ್ನೂ ನೋಡಿದರು. ನೋಡಲಿ. ಅವಳು ಅಳಲಿಲ್ಲ, ಮುಸುಕನ್ನು ಹಿಂದೆ ಸರಿಸಿ ನಿಂತಿದ್ದಳು.

ಕಾಲೇಜಿನ ಹುಡುಗಿಯರು ಇನ್ನೂ ಕುಣಿಯುತ್ತಿದ್ದರು. ಅವರ ಹಿಂದೆ, ವಿಠ್ಠಲನ ಎರಡನೆಯ ಹೆಂಡತಿ ಗಂಡನ ಪಕ್ಕದಿಂದ ಸರಿದಳು. ಗಾಳಿಗೆ ಹಾರುತ್ತಿದ್ದ ಸೆರಗನ್ನು ಬೆನ್ನಿನ ಮೇಲೆ ಬಿಗಿಯಾಗಿ ಎಳೆದುಕೊಂಡು, ನಿಧಾನವಾಗಿ ನಡೆದುಬಂದು ಹೆಂಗಸರ ಸಾಲಿನಲ್ಲಿ ನಿಂತಳು.